ಬೇಸ್ ನುಡಿಸುವುದು: ಮೊದಲ ತಂತಿಯಿಂದ ಗಣೇಶನ ಪೆಂಡಾಲಿನವರೆಗೆ

ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿಯನ್ನು ಎಲ್ಲಿಯೂ ಒತ್ತದೆ ಮೀಟಿದಾಗ ಹುಟ್ಟುವ ಇ ಸ್ವರವು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಾಳಿಯಲ್ಲಿ ಅದರ ಒಂದು ಅಲೆಯ ಉದ್ದ ಸುಮಾರು 27 ಅಡಿ. ಬೆಂಗಳೂರಿನ 30-40 ಸೈಟಿನಲ್ಲಿ ಅಕ್ಕಪಕ್ಕ ಜಾಗ ಬಿಟ್ಟು ಕಟ್ಟಿದ ಮನೆಯ ಅಗಲಕ್ಕೆ ಇದು ಹೆಚ್ಚುಕಡಿಮೆ ಸಮ. ಹತ್ತು ಹನ್ನೆರಡು ಅಡಿಯ ಕೋಣೆಯಲ್ಲಿ ಅಭ್ಯಾಸ ಮಾಡುವಾಗ ಒಂದು ಸ್ವರ ಕಿಟಕಿ ಗಾಜು ನಡುಗುವಂತೆ ಮೊಳಗುವುದಕ್ಕೂ ಅದರ ಪಕ್ಕದ ಸ್ವರ ಎಲ್ಲಿ ಹೋಯಿತೆಂದೇ ತಿಳಿಯದಿರುವುದಕ್ಕೂ ಕೋಣೆಯೇ ಕಾರಣ, ವಾದ್ಯವಲ್ಲ. ಹೊಸಬರು ಇದನ್ನರಿಯದೆ ಆ್ಯಂಪಿನ (ನಾದವನ್ನು ದೊಡ್ಡದು ಮಾಡುವ ಪೆಟ್ಟಿಗೆಯ) ಬೇಸ್ ಗುಂಡಿಯನ್ನು ತಿರುಗಿಸುತ್ತಾ ಹೋಗುತ್ತಾರೆ, ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಸುಗಮ ಸಂಗೀತದ ವೇದಿಕೆ, ಆರ್ಕೆಸ್ಟ್ರಾ ಮತ್ತು ಜಾಝ್ ತಂಡಗಳಲ್ಲಿ ಹಲವು ವರ್ಷ ಬೇಸ್ ನುಡಿಸಿದ ಮೇಲೆ ನನಗೆ ಖಚಿತವಾದದ್ದು ಒಂದೇ: ಈ ವಾದ್ಯದಲ್ಲಿ ಯಾವ ಸ್ವರವನ್ನು ನುಡಿಸಿದೆವು ಎಂಬುದಕ್ಕಿಂತ ಅದನ್ನು ಎಲ್ಲಿ ನಿಲ್ಲಿಸಿದೆವು ಎಂಬುದೇ ಹೆಚ್ಚು ಕೇಳಿಸುತ್ತದೆ. ಮುಂದಿನ ಹಂತಗಳನ್ನೆಲ್ಲ ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದೇನೆ.

ಮೊದಲ ಹಂತ: ವಾದ್ಯವನ್ನು ಆರಿಸಿಕೊಳ್ಳುವುದು

ನಾಲ್ಕು ತಂತಿಯ ಬೇಸಿನ ಶ್ರುತಿ ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಇ, ಎ, ಡಿ, ಜಿ. ಪಿಟೀಲಿನ ಬಳಗದ, ನಿಂತು ನುಡಿಸುವ ದೊಡ್ಡ ವಾದ್ಯವಾದ ಡಬಲ್ ಬೇಸಿನದೂ ಇದೇ. ಐದನೆಯ ತಂತಿ ಇದ್ದರೆ ಅದು ಸಾಮಾನ್ಯವಾಗಿ ಇನ್ನೂ ಕೆಳಗಿನ ಬಿ, ಸೆಕೆಂಡಿಗೆ ಸುಮಾರು 31 ಕಂಪನ. ಡಿ ಅಥವಾ ಸಿ ಸ್ವರವನ್ನು ಕೆಳಗಿನ ಸ್ಥಾಯಿಯಲ್ಲಿ ಬೇಡುವ ಹಾಡುಗಳಿಗೆ ಪಕ್ಕವಾದ್ಯ ನುಡಿಸುವವರಿಗೆ ಐದು ತಂತಿ ಅನುಕೂಲವೇ. ಆದರೂ ಕಲಿಯುವವರು ನಾಲ್ಕರಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ತಂತಿ ಹೆಚ್ಚಾದಷ್ಟೂ ನುಡಿಸದ ತಂತಿಗಳನ್ನು ಸುಮ್ಮನಿರಿಸುವ ಕೆಲಸವೂ ಹೆಚ್ಚುತ್ತದೆ.

ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸನ್ನೂ 1960ರಲ್ಲಿ ಜಾಝ್ ಬೇಸನ್ನೂ ಮಾರುಕಟ್ಟೆಗೆ ತಂದರು. ಇಂದು ಅಂಗಡಿಯಲ್ಲಿ ಕಾಣುವ ಬೇಸುಗಳಲ್ಲಿ ಬಹುಪಾಲು ಈ ಎರಡರ ಸಂತತಿ. ಮೊದಲನೆಯದಕ್ಕೆ ನಡುವೆ ಇಬ್ಭಾಗವಾದ ಒಂದೇ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಇದ್ದು ನಾದ ತುಂಬಿಕೊಂಡಿರುತ್ತದೆ. ಎರಡನೆಯದಕ್ಕೆ ಎರಡು ಪಿಕಪ್‌ಗಳಿದ್ದು ಕತ್ತು ಸಪೂರವಾಗಿರುತ್ತದೆ. ಎರಡರಲ್ಲೂ ತಂತಿಯ ಅಳತೆ 34 ಅಂಗುಲ. ಕೈ ಚಿಕ್ಕದಿದ್ದವರಿಗೆ 30 ಅಂಗುಲದ ಶಾರ್ಟ್ ಸ್ಕೇಲ್ ಬೇಸ್ ಸಿಗುತ್ತದೆ, ಅದನ್ನು ಆಟಿಕೆಯೆಂದು ಭಾವಿಸಬೇಕಾಗಿಲ್ಲ.

ಅಂದಹಾಗೆ, ಕಚೇರಿಯಲ್ಲಿ ವಾದ್ಯದ ದನಿ ಹಿಂದಿನ ಸಾಲಿಗೆ ತಲುಪುವುದಿಲ್ಲವೆಂಬ ಅದೇ ಕೊರತೆಯಿಂದ ನಮ್ಮ ತಿರುಮಕೂಡಲು ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಕಟ್ಟಿದರು, ಫೆಂಡರ್ ಬೇಸಿಗೆ ವಿದ್ಯುತ್ತನ್ನು ಕೊಟ್ಟರು. ಚೌಡಯ್ಯ ಸ್ಮಾರಕ ಭವನದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಈ ಜೋಡಿ ನೆನಪಾಗುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸುವಾಗ ವಾದ್ಯವನ್ನು ಮೊದಲು ಆ್ಯಂಪಿಗೆ ಜೋಡಿಸಬೇಡಿ. ಕತ್ತನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ಸೊಟ್ಟಗಿದೆಯೇ ನೋಡಿ. ಬಳಿಕ ಪ್ರತಿ ತಂತಿಯನ್ನೂ ಪ್ರತಿ ಫ್ರೆಟ್ಟಿನಲ್ಲೂ (ಕತ್ತಿನ ಮೇಲಿನ ಲೋಹದ ಮೆಟ್ಟಿಲಿನಲ್ಲೂ) ಒತ್ತಿ ಮೀಟಿ, ಎಲ್ಲಿ ಸ್ವರ ಬೇಗ ಸಾಯುತ್ತದೆ, ಎಲ್ಲಿ ಗರಗರ ಎನ್ನುತ್ತದೆ ಎಂದು ಕೇಳಿಸಿಕೊಳ್ಳಿ. ಹೆಗಲಿಗೆ ಪಟ್ಟಿ ಹಾಕಿಕೊಂಡು ನಿಂತು, ಎರಡೂ ಕೈ ಬಿಡಿ. ತಲೆಯ ಭಾಗ ನೆಲದ ಕಡೆಗೆ ವಾಲಿದರೆ ಆ ಭಾರವನ್ನು ಪ್ರತಿದಿನ ನಿಮ್ಮ ಎಡಗೈಯೇ ಹೊರಬೇಕಾಗುತ್ತದೆ. ಒಳಗೇ ಸಣ್ಣ ಆ್ಯಂಪ್ ಇರುವ ಆ್ಯಕ್ಟಿವ್ ಬೇಸಾದರೆ ಅದಕ್ಕೆ 9 ವೋಲ್ಟಿನ ಬ್ಯಾಟರಿ ಇರುತ್ತದೆ. ನುಡಿಸಲಿ ಬಿಡಲಿ, ಕೇಬಲ್ ಚುಚ್ಚಿರುವಷ್ಟು ಹೊತ್ತೂ ಅದು ಖರ್ಚಾಗುತ್ತಲೇ ಇರುತ್ತದೆ.

ಎರಡನೆಯ ಹಂತ: ಸೆಟಪ್

ಬೆಂಗಳೂರಿನ ಹವೆ ಹಿತವೆಂದು ಹೆಸರಾದರೂ ಮರಕ್ಕೆ ಅದು ಅಷ್ಟೇನೂ ಹಿತವಲ್ಲ. ಫೆಬ್ರವರಿ, ಮಾರ್ಚಿನ ಒಣ ಗಾಳಿಗೂ ಜುಲೈನ ತೇವಕ್ಕೂ ನಡುವೆ ಕತ್ತಿನ ಬಾಗು ಬದಲಾಗುತ್ತದೆ. ಶಿವರಾತ್ರಿ ಕಳೆದ ಮೇಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ಅಳತೆ ನೋಡುವ ರೂಢಿ ಮಾಡಿಕೊಂಡರೆ ಸಾಕು.

ತಂತಿಗಳನ್ನು ಶ್ರುತಿಗೆ ತಂದು, ದಪ್ಪ ತಂತಿಯನ್ನು ಮೊದಲನೆಯ ಫ್ರೆಟ್ಟಿನಲ್ಲೂ ಕತ್ತು ಒಡಲನ್ನು ಸೇರುವೆಡೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿಹಿಡಿಯಿರಿ. ಏಳು ಎಂಟನೆಯ ಫ್ರೆಟ್ಟಿನ ಬಳಿ ತಂತಿಗೂ ಫ್ರೆಟ್ಟಿಗೂ ನಡುವೆ ಸುಮಾರು 0.3 ಮಿಲಿಮೀಟರ್ ಅಂತರವಿರಬೇಕು. ಲಗ್ನಪತ್ರಿಕೆಯ ಕಾಗದವೊಂದು ಅಲ್ಲಿ ಸಲೀಸಾಗಿ ತೂರಿದರೆ ಸರಿಯಿದೆಯೆಂದು ತಿಳಿಯಬಹುದು. ಅಂತರ ಹೆಚ್ಚಿದ್ದರೆ ಕತ್ತಿನೊಳಗಿದ್ದು ಅದರ ಬಾಗನ್ನು ಹೊಂದಿಸುವ ಲೋಹದ ಸರಳಾದ ಟ್ರಸ್ ರಾಡನ್ನು ಗಡಿಯಾರದ ದಿಕ್ಕಿನಲ್ಲಿ ಕಾಲು ಸುತ್ತು ಮಾತ್ರ ತಿರುಗಿಸಿ, ಮತ್ತೆ ಶ್ರುತಿಮಾಡಿ, ಒಂದು ರಾತ್ರಿ ಬಿಟ್ಟು ನೋಡಿ. ಅದು ಬಿಗಿಯಾಗಿ ತಡೆದರೆ ಒತ್ತಾಯ ಮಾಡದೆ ಬಲ್ಲವರಿಗೆ ಒಪ್ಪಿಸಿ. ಬಳಿಕ ಹನ್ನೆರಡನೆಯ ಫ್ರೆಟ್ಟಿನಲ್ಲಿ ತಂತಿಯ ಎತ್ತರವನ್ನು ಸುಮಾರು 2.5 ಮಿಲಿಮೀಟರಿಗೆ ತನ್ನಿ. ಕೊನೆಯದಾಗಿ ಅದೇ ಫ್ರೆಟ್ಟಿನ ಮೇಲೆ ಬೆರಳು ತಾಗಿಸಿ ಮೀಟಿದ ಹಾರ್ಮೋನಿಕ್ ಸ್ವರವನ್ನೂ ಒತ್ತಿ ಮೀಟಿದ ಸ್ವರವನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಒಡಲಿನ ಮೇಲೆ ತಂತಿಗಳನ್ನು ಹೊರುವ ಬ್ರಿಡ್ಜಿನಲ್ಲಿ ಆ ತಂತಿಯ ಕುದುರೆಯನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ. ಈ ಕ್ರಮವನ್ನು ಹಿಂದುಮುಂದು ಮಾಡಿದರೆ ಎಲ್ಲವನ್ನೂ ಮತ್ತೊಮ್ಮೆ ಮಾಡಬೇಕಾಗುತ್ತದೆ.

ತಂತಿಗಳ ವಿಷಯದಲ್ಲಿ ದುಂಡು ಸರಿಗೆ ಸುತ್ತಿದ ರೌಂಡ್‌ವೌಂಡ್ ಹೊಳಪಿನ ನಾದ ಕೊಡುತ್ತದೆ, ಚಪ್ಪಟೆ ಸರಿಗೆ ಸುತ್ತಿದ ಫ್ಲ್ಯಾಟ್‌ವೌಂಡ್ ಮೃದುವಾದ ಗಟ್ಟಿ ನಾದ ಕೊಡುತ್ತದೆ. ಅಮೆರಿಕದ ಮೋಟೌನ್ ಕಂಪನಿಯ ಧ್ವನಿಮುದ್ರಿಕೆಗಳ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ, ಹಳೆಯ ಫ್ಲ್ಯಾಟ್‌ವೌಂಡ್ ತಂತಿಗಳ ಮೇಲೆಯೇ ನುಡಿಸಿದರು. ಹೊಸ ತಂತಿ, ಹೊಸ ಪೆಡಲ್ ಎಂದು ಚಡಪಡಿಸುವವರು ಇದನ್ನು ಒಮ್ಮೆ ನೆನೆಯಬೇಕು.

ಮೂರನೆಯ ಹಂತ: ಎರಡು ಕೈಗಳು, ಒಂದು ನಿಲುಗಡೆ

ಬಲಗೈಯ ಹೆಬ್ಬೆರಳನ್ನು ಪಿಕಪ್ಪಿನ ಮೇಲೆ ಊರಿ, ತೋರುಬೆರಳು ಮತ್ತು ನಡುಬೆರಳನ್ನು ನಡಿಗೆಯ ಕಾಲುಗಳಂತೆ ಒಂದಾದ ಮೇಲೊಂದು ಬಳಸಿ. ಬೆರಳು ತಂತಿಯನ್ನು ಮೇಲಕ್ಕೆ ಕೀಳಬಾರದು. ಅದರ ಮೂಲಕ ಹಾದು ಮುಂದಿನ ದಪ್ಪ ತಂತಿಯ ಮೇಲೆ ಬಂದು ಒರಗಬೇಕು. ಹೀಗೆ ಒರಗಿದ ಬೆರಳೇ ಆ ತಂತಿಯನ್ನು ಸುಮ್ಮನಿರಿಸುತ್ತದೆ.

ಎಡಗೈಯಲ್ಲಿ ಫ್ರೆಟ್ಟಿಗೊಂದು ಬೆರಳು ಎಂಬ ನಿಯಮವನ್ನು ಮೊದಲ ದಿನವೇ ಹೇರಿಕೊಳ್ಳುವುದು ತಪ್ಪು. 34 ಅಂಗುಲದ ಬೇಸಿನಲ್ಲಿ ಮೊದಲನೆಯ ಫ್ರೆಟ್ಟಿನಿಂದ ನಾಲ್ಕನೆಯದಕ್ಕೆ ಸುಮಾರು 13 ಸೆಂಟಿಮೀಟರ್ ದೂರ. ಅಷ್ಟಗಲ ಬೆರಳು ಚಾಚಿ ಗಂಟೆಗಟ್ಟಲೆ ನುಡಿಸಿದರೆ ಮಣಿಕಟ್ಟು ದೂರು ಹೇಳುತ್ತದೆ. ಐದನೆಯ ಫ್ರೆಟ್ಟಿನವರೆಗೆ ಡಬಲ್ ಬೇಸಿನವರ ಹಾಗೆ ತೋರುಬೆರಳು, ನಡುಬೆರಳು, ಕಿರುಬೆರಳುಗಳನ್ನಷ್ಟೇ ಬಳಸಿ, ಉಂಗುರಬೆರಳು ಕಿರುಬೆರಳಿಗೆ ಒತ್ತಾಸೆಯಾಗಿರಲಿ. ಐದರ ಮೇಲೆ ನಾಲ್ಕು ಬೆರಳುಗಳೂ ಕೆಲಸ ಮಾಡಲಿ.

ಈಗ ಮುಖ್ಯವಾದ ಅಭ್ಯಾಸ. ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಪ್ರತಿ ಬಡಿತಕ್ಕೂ ಬಾಯಲ್ಲಿ ಒಂದು ತಕಧಿಮಿ ಹೇಳಿ. ಎ ತಂತಿಯ ಮೂರನೆಯ ಫ್ರೆಟ್ಟಿನಲ್ಲಿ ಸಿ ಸ್ವರವನ್ನು ‘ತ’ ಎಂಬಲ್ಲಿ ಮೀಟಿ, ‘ಧಿ’ ಎಂಬಲ್ಲಿ ಸರಿಯಾಗಿ ನಿಲ್ಲಿಸಿ. ನಿಲ್ಲಿಸುವುದೆಂದರೆ ಬೆರಳನ್ನು ಎತ್ತಿ ದೂರ ಒಯ್ಯುವುದಲ್ಲ. ಒತ್ತಡವನ್ನು ಸಡಿಲಿಸಿ ಬೆರಳನ್ನು ತಂತಿಯ ಮೇಲೆಯೇ ಬಿಡುವುದು, ಉಳಿದ ಬೆರಳುಗಳನ್ನೂ ಮಲಗಿಸುವುದು. ಇದು ಐದು ನಿಮಿಷ ತಪ್ಪಿಲ್ಲದೆ ನಡೆದ ಮೇಲೆ ‘ಮಿ’ ಎಂಬಲ್ಲಿ ನಿಲ್ಲಿಸಿ, ಆಮೇಲೆ ‘ಕ’ ಎಂಬಲ್ಲಿ. ಸ್ವರ ಒಂದೇ, ಲಯ ಒಂದೇ, ಆದರೂ ಬೇರೆ ಬೇರೆ ಹಾಡುಗಳು ಕೇಳಿಸಿದಂತಾಗುತ್ತದೆ: ‘ಕ’ದಲ್ಲಿ ನಿಂತದ್ದು ಕುಣಿಸುತ್ತದೆ, ‘ಮಿ’ಯಲ್ಲಿ ನಿಂತದ್ದು ನಡೆಸುತ್ತದೆ, ನಿಲ್ಲದೆ ಹರಿದದ್ದು ಭಾವಗೀತೆಗೆ ಹೊಂದುತ್ತದೆ. ಇದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಮರುದಿನ ಕೇಳಿ. ನುಡಿಸುವಾಗ ಕೇಳಿಸದ ಸೋರಿಕೆಗಳೆಲ್ಲ ಮರುದಿನ ಕೇಳಿಸುತ್ತವೆ. ನಾನಂತೂ ಮೊದಲ ಬಾರಿ ಕೇಳಿದಾಗ ನನ್ನ ಇ ತಂತಿ ಇಡೀ ಹಾಡಿನುದ್ದಕ್ಕೂ ಜೀರುಂಡೆಯಂತೆ ಗುಂಯ್‌ಗುಡುತ್ತಿತ್ತು.

ಇದು ಕೈಹಿಡಿದ ಮೇಲೆ ಮಿಶ್ರಛಾಪುವಿನ ತಕಿಟ ತಕಧಿಮಿಗೂ ಇದನ್ನೇ ಅನ್ವಯಿಸಿ: ಮೊದಲ ‘ತ’ದಲ್ಲಿ ಉದ್ದ ಸ್ವರ, ಎರಡನೆಯ ‘ತ’ದಲ್ಲಿ ಗಿಡ್ಡ ಸ್ವರ. ಏಳು ಅಕ್ಷರದ ಹಾಡು ಬಂದಾಗ ಎಣಿಸುತ್ತಾ ಮುಖ ಗಂಟಿಕ್ಕುವ ಪ್ರಮೇಯ ಬರುವುದಿಲ್ಲ. ಹೆಬ್ಬೆರಳಿನಿಂದ ತಂತಿಯನ್ನು ಬಡಿದು ಸ್ಲ್ಯಾಪ್ ಮಾಡುವುದನ್ನು ಇದಾದ ಮೇಲೆ ಕಲಿಯಿರಿ, ಅಲ್ಲಿಯವರೆಗೆ ಅದಕ್ಕೆ ಅವಸರವಿಲ್ಲ.

ನಾಲ್ಕನೆಯ ಹಂತ: ಗಾಯಕರ ಶ್ರುತಿ, ರಾಗದ ಮರ್ಯಾದೆ

ಈ ಊರಿನಲ್ಲಿ ಕೆಲಸ ಸಿಗುವ ವೇದಿಕೆಗಳಲ್ಲಿ ಗಾಯಕರು ಡಿ ಮೇಜರ್ ಎನ್ನುವುದಕ್ಕಿಂತ ಎರಡು ಮನೆ ಶ್ರುತಿ ಎನ್ನುವುದೇ ಹೆಚ್ಚು. ಹಾರ್ಮೋನಿಯಮ್ಮಿನ ಬಿಳಿ ಮನೆಗಳನ್ನು ಸಿ ಯಿಂದ ಎಣಿಸಿದರೆ ಲೆಕ್ಕ ಸುಲಭ: ಒಂದು ಎಂದರೆ ಸಿ, ಎರಡು ಡಿ, ಮೂರು ಇ, ನಾಲ್ಕು ಎಫ್, ಐದು ಜಿ, ಆರು ಎ, ಅರೆ ಎಂದರೆ ಅದರ ಮುಂದಿನ ಕಪ್ಪು ಮನೆ. ಒಂದೂವರೆ ಎಂದರೆ ಸಿ ಶಾರ್ಪ್, ಐದೂವರೆ ಎಂದರೆ ಜಿ ಶಾರ್ಪ್. ಒಂದೇ ಹಾಡನ್ನು ಐದರಲ್ಲೂ ಐದೂವರೆಯಲ್ಲೂ ನುಡಿಸಿಟ್ಟುಕೊಳ್ಳಿ, ಗಂಟಲು ಕಟ್ಟಿದ ಸಂಜೆ ಗಾಯಕಿ ಅರ್ಧ ಮನೆ ಇಳಿಸಿಯೇ ಇಳಿಸುತ್ತಾರೆ.

ಪಾಶ್ಚಾತ್ಯ ಪಾಠಗಳಲ್ಲಿ ಬೇಸಿಗೆ ಕಲಿಸುವ ಮೊದಲ ಸೂತ್ರವೆಂದರೆ ಮೂಲಸ್ವರ ಮತ್ತು ಪಂಚಮ. ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಿದರೆ ಇಲ್ಲಿ ಎಡವುವುದು ಖಂಡಿತ. ಹಿಂದೋಳದಲ್ಲಿ ಪಂಚಮವೇ ಇಲ್ಲ, ಶ್ರೀರಂಜನಿಯಲ್ಲೂ ಇಲ್ಲ. ಹಿಂದೋಳದಲ್ಲಿ ಕಟ್ಟಿದ ಭಾವಗೀತೆಗೆ ನೀವು ಸ ಪ, ಸ ಪ ಎಂದು ನುಡಿಸಿದರೆ ಕೊಳಲಿನವರು ತಿರುಗಿ ನೋಡುತ್ತಾರೆ. ಅಲ್ಲಿ ಸ ಮ ಎಂದು ಹೋಗಿ. ಸಿ ಶ್ರುತಿಯಲ್ಲಾದರೆ ಸಿ ಮತ್ತು ಎಫ್. ಮೋಹನದಲ್ಲಿ ಪಂಚಮವಿದೆ, ಆದರೆ ಮಧ್ಯಮ ನಿಷಾದಗಳಿಲ್ಲ. ಹಂಸಧ್ವನಿಯಲ್ಲಿ ನಿಷಾದವಿದೆ, ಮಧ್ಯಮ ಧೈವತಗಳಿಲ್ಲ. ಕೀಬೋರ್ಡಿನವರು ರಾಗ ಬಿಟ್ಟು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಾಕಿದಾಗ ಏನು ಮಾಡಬೇಕೆಂಬುದು ಪ್ರತಿ ತಂಡದಲ್ಲೂ ಜಗಳದ ವಿಷಯ. ಷಡ್ಜದಲ್ಲಿ ನಿಂತು, ಸ್ವರವನ್ನು ಗಿಡ್ಡ ಮಾಡಿ, ಗಾಯಕರಿಗೆ ಜಾಗ ಬಿಡುವುದು ನನ್ನ ಪರಿಹಾರ. ಮಂದ್ರದಲ್ಲಿ ಇಡೀ ಕಾರ್ಡನ್ನು ಒಟ್ಟಿಗೆ ನುಡಿಸುವುದಂತೂ ಬೇಡ, ಅಷ್ಟು ಕೆಳಗೆ ಸ್ವರಗಳು ಒಂದರೊಳಗೊಂದು ಕಲಸಿ ಕೆಸರಾಗುತ್ತವೆ.

ಐದನೆಯ ಹಂತ: ಡಬಲ್ ಬೇಸ್

ನಿಂತು ನುಡಿಸುವ ಈ ವಾದ್ಯಕ್ಕೆ ಅಪ್‌ರೈಟ್ ಬೇಸ್ ಎಂದೂ ಹೆಸರು. ಸಾಮಾನ್ಯವಾಗಿ ಸಿಗುವುದು ಮುಕ್ಕಾಲು ಅಳತೆಯದು. ಹೆಸರು ಮುಕ್ಕಾಲಾದರೂ ಎತ್ತರ ಆರಡಿಯ ಆಸುಪಾಸು, ತಂತಿಯ ಅಳತೆ ಸುಮಾರು 41ರಿಂದ 42 ಅಂಗುಲ. ಬೇಸ್ ಗಿಟಾರಿನಲ್ಲಿ ನಾಲ್ಕು ಫ್ರೆಟ್ ಹಿಡಿಯುವ ಕೈ ಇಲ್ಲಿ ತೋರುಬೆರಳಿನಿಂದ ಕಿರುಬೆರಳಿಗೆ ಒಂದು ಪೂರ್ಣಸ್ವರವನ್ನು, ಅಂದರೆ ಸುಮಾರು 11 ಸೆಂಟಿಮೀಟರನ್ನು, ಮಾತ್ರ ಹಿಡಿಯುತ್ತದೆ. ಮುಂದಿನ ಸ್ವರಕ್ಕೆ ಬೆರಳು ಚಾಚುವುದಿಲ್ಲ, ಇಡೀ ತೋಳು ಸರಿಯುತ್ತದೆ. ಡಬಲ್ ಬೇಸಿನ ಗುರು ಫ್ರಾಂಟ್ಸ್ ಸಿಮಾಂಡ್ಲ್ ರೂಪಿಸಿದ ಪದ್ಧತಿಯ ತಿರುಳು ಇದೇ.

ವೀಣೆಯಲ್ಲಿ ಮೆಟ್ಟಿಲುಗಳಿವೆ, ಪಿಟೀಲಿನಲ್ಲಿ ಇಲ್ಲ. ಡಬಲ್ ಬೇಸ್ ಪಿಟೀಲಿನ ಬಳಗ. ಸ್ವರಸ್ಥಾನವನ್ನು ಕಿವಿಯೇ ಹುಡುಕಬೇಕು. ಶ್ರುತಿಪೆಟ್ಟಿಗೆಯನ್ನು ಹಚ್ಚಿಟ್ಟು, ಪ್ರತಿ ಸ್ವರವನ್ನೂ ಷಡ್ಜಕ್ಕೆ ತಾಳೆ ನೋಡುತ್ತಾ ನಿಧಾನವಾಗಿ ಆರೋಹಣ ಅವರೋಹಣ ನುಡಿಸುವುದಕ್ಕಿಂತ ಉತ್ತಮ ಸಾಧನೆ ನನಗೆ ಕಂಡಿಲ್ಲ. ಮೊದಲ ಆರು ತಿಂಗಳು ಕಮಾನಿನಲ್ಲಿಯೇ ಅಭ್ಯಾಸ ಮಾಡಿ, ಜಾಝ್ ಮಾತ್ರ ನುಡಿಸುವ ಇರಾದೆಯಿದ್ದರೂ ಸರಿಯೇ: ಮೀಟಿದ ಸ್ವರ ಮುಚ್ಚಿಡುವ ಅಪಶ್ರುತಿಯನ್ನು ಕಮಾನು ಬಯಲಿಗೆ ಎಳೆಯುತ್ತದೆ. ಕಮಾನಿನಲ್ಲಿ ಎರಡು ಬಗೆ, ಮೇಲಿನಿಂದ ಹಿಡಿಯುವ ಫ್ರೆಂಚ್ ಮತ್ತು ಕೆಳಗಿನಿಂದ ಹಿಡಿಯುವ ಜರ್ಮನ್. ಗುರುಗಳು ಯಾವುದನ್ನು ಹಿಡಿಯುತ್ತಾರೋ ಅದನ್ನೇ ಹಿಡಿಯಿರಿ. ಬೇಸಿನ ರಾಳ ಪಿಟೀಲಿನದಕ್ಕಿಂತ ಮೆತು. ಏಪ್ರಿಲ್ ಮಧ್ಯಾಹ್ನ ಅದನ್ನು ಕಾರಿನಲ್ಲಿ ಬಿಟ್ಟು ಹೋಗಿ ಬಂದರೆ ಬೆಲ್ಲದ ಪಾಕ ಸಿಗುತ್ತದೆ.

ನಿಲ್ಲುವ ಭಂಗಿಗೆ ಮೊದಲು ಕೆಳಗಿನ ಕಡ್ಡಿಯ ಎತ್ತರವನ್ನು ಸರಿಪಡಿಸಿ: ತಂತಿಗಳು ಆರಂಭವಾಗುವ ಮೇಲಿನ ಪಟ್ಟಿ ಹಣೆಯ ಮಟ್ಟಕ್ಕೆ ಬರಲಿ. ವಾದ್ಯ ನಿಮ್ಮ ಸೊಂಟಕ್ಕೆ ಒರಗಿ ತಾನೇ ನಿಲ್ಲಬೇಕು, ಎಡಗೈಯ ಹೆಬ್ಬೆರಳು ಅದನ್ನು ಹೊರಬಾರದು. ಮೀಟುವಾಗ ಬೆರಳಿನ ತುದಿಯಿಂದಲ್ಲ, ತೋರುಬೆರಳಿನ ಪಕ್ಕದ ಮಾಂಸಲ ಭಾಗದಿಂದ, ತೋಳಿನ ಭಾರದಿಂದ ಎಳೆಯಿರಿ. ಗುಳ್ಳೆಗಳು ಏಳುತ್ತವೆ; ಒಡೆದುಕೊಳ್ಳದೆ ಎರಡು ದಿನ ಬಿಡುವು ಕೊಡಿ.

ಬಡಿತಕ್ಕೊಂದು ಸ್ವರದಂತೆ ಸಾಗುವ ಜಾಝಿನ ನಡಿಗೆಯ ಬೇಸಿಗೆ ಒಂದು ಸಣ್ಣ ಮಾದರಿ ಸಾಕು. ಸಿ ಯಿಂದ ಎಫ್‌ಗೆ ಹೋಗಬೇಕಾದ ನಾಲ್ಕು ಬಡಿತಗಳಲ್ಲಿ ಸಿ, ಇ, ಜಿ, ಜಿ ಫ್ಲ್ಯಾಟ್ ನುಡಿಸಿ, ಮುಂದಿನ ಮೊದಲ ಬಡಿತದಲ್ಲಿ ಎಫ್‌ಗೆ ಇಳಿಯಿರಿ. ಆ ಜಿ ಫ್ಲ್ಯಾಟ್ ಯಾವ ಕಾರ್ಡಿಗೂ ಸೇರದಿದ್ದರೂ ಹೊಸ್ತಿಲಿನ ಮೇಲೆ ಇಟ್ಟ ಕಾಲಿನಂತೆ ಕೇಳುವವರನ್ನು ಒಳಗೆ ಕರೆದೊಯ್ಯುತ್ತದೆ.

ಕೊಳ್ಳುವವರು ಮೊದಲ ವಾದ್ಯವಾಗಿ ಪ್ಲೈವುಡ್ಡಿನದನ್ನೇ ಕೊಳ್ಳಿ. ಕೆತ್ತಿದ ಮರದ ನಾದ ಶ್ರೇಷ್ಠವಾದರೂ ಒಣಹವೆಗೆ ಬಿರುಕು ಬಿಡುವ ಅಪಾಯವೂ ಅದಕ್ಕೇ ಹೆಚ್ಚು, ಮತ್ತು ಡಬಲ್ ಬೇಸನ್ನು ಬಿಚ್ಚಿ ರಿಪೇರಿ ಮಾಡಬಲ್ಲ ಕೈಗಳು ಇಲ್ಲಿ ವಿರಳ. ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ; ಒಳಗಿನ ಸೌಂಡ್‌ಪೋಸ್ಟ್ ಎಂಬ ಕಡ್ಡಿ ಅಂಟಿನಿಂದಲ್ಲ, ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ, ಬಿದ್ದರೆ ನಾದವೂ ಬೀಳುತ್ತದೆ. ಶ್ರುತಿಮಾಡಿದಾಗಲೆಲ್ಲ ಬ್ರಿಡ್ಜ್ ಫಿಂಗರ್‌ಬೋರ್ಡಿನ ಕಡೆಗೆ ವಾಲಿಲ್ಲವೆಂದು ನೋಡಿಕೊಳ್ಳಿ. ಹ್ಯಾಚ್‌ಬ್ಯಾಕ್ ಕಾರಿನ ಹಿಂದಿನ ಸೀಟು ಮಡಚಿ, ಮುಂದಿನ ಸೀಟು ಒರಗಿಸಿ, ತಲೆಭಾಗ ಮುಂದಾಗಿ ಪಕ್ಕಕ್ಕೆ ಮಲಗಿಸಿದರೆ ವಾದ್ಯ ಹಿಡಿಸುತ್ತದೆ. ಬ್ರಿಡ್ಜಿನ ಮೇಲೆ ಎಂದೂ ಮಲಗಿಸಬೇಡಿ.

ಆರನೆಯ ಹಂತ: ಆ್ಯಂಪ್, ಕೇಬಲ್, ಡಿಐ

ಮನೆಗೆ ಹೆಡ್‌ಫೋನ್ ಹಾಕಿ ನುಡಿಸಬಹುದಾದ 15ರಿಂದ 40 ವ್ಯಾಟಿನ ಆ್ಯಂಪ್ ಸಾಕು. ಡ್ರಮ್ಸ್ ಜೊತೆ ವೇದಿಕೆಯಲ್ಲಿ ನುಡಿಸಲು 300ರಿಂದ 500 ವ್ಯಾಟ್ ಬೇಕಾಗುತ್ತದೆ, ಏಕೆಂದರೆ ಮಂದ್ರ ಸ್ವರಗಳನ್ನು ಅಷ್ಟೇ ಗಟ್ಟಿಯಾಗಿ ಕೇಳಿಸಲು ತಾರ ಸ್ವರಗಳಿಗಿಂತ ಎಷ್ಟೋ ಹೆಚ್ಚು ಶಕ್ತಿ ಖರ್ಚಾಗುತ್ತದೆ. ಈಗಿನ ಕ್ಲಾಸ್ ಡಿ ಹೆಡ್‌ಗಳು (ಸ್ಪೀಕರಿಲ್ಲದ ಹಗುರ ಆ್ಯಂಪ್‌ಗಳು) ಬೆನ್ನಚೀಲದಲ್ಲಿ ಹಿಡಿಸುವಷ್ಟು ಚಿಕ್ಕವು. 8 ಓಮಿನ ಎರಡು ಸ್ಪೀಕರ್ ಕ್ಯಾಬಿನೆಟ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ಹೆಡ್ಡಿನ ಹಿಂಬದಿಯಲ್ಲಿ ಬರೆದ ಕನಿಷ್ಠ ಓಮಿಗಿಂತ ಕೆಳಗಿಳಿಯಬಾರದು.

ಆದರೆ ಬೆಂಗಳೂರಿನ ಹೆಚ್ಚಿನ ಕಾರ್ಯಕ್ರಮಗಳಲ್ಲಿ ನಿಮ್ಮ ನಾದ ಸಭಿಕರಿಗೆ ತಲುಪುವುದು ಆ್ಯಂಪಿನಿಂದಲ್ಲ, ವಾದ್ಯದ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಡಿಐ ಪೆಟ್ಟಿಗೆಯ ಮೂಲಕ ಹೋದ ಕೇಬಲ್ಲಿನಿಂದ. ಆದ್ದರಿಂದ ಹಣ ಕಡಿಮೆಯಿದ್ದರೆ ದೊಡ್ಡ ಆ್ಯಂಪಿಗೆ ಮುಂಚೆ ಸ್ವಂತದ ಒಳ್ಳೆಯ ಡಿಐ ಕೊಳ್ಳಿ. ಕೇಬಲ್‌ಗಳನ್ನು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ಬಿಡಿಬಿಡಿಯಾಗಿ ಜ್ಯಾಕ್ ಮತ್ತು ತಂತಿ ತಂದು ನೀವೇ ಬೆಸುಗೆ ಹಾಕಿ ಮಾಡಿಕೊಳ್ಳಬಹುದು. ಒಂದು ಸಂಜೆಯ ಕೆಲಸ ಅದು, ವೇದಿಕೆಯಲ್ಲಿ ಕೇಬಲ್ ಕೈಕೊಟ್ಟಾಗ ಎಲ್ಲಿ ಕಿತ್ತಿರಬಹುದೆಂಬ ಅಂದಾಜೂ ಅದರಿಂದಲೇ ಬರುತ್ತದೆ.

ಡಬಲ್ ಬೇಸಿನ ಬ್ರಿಡ್ಜಿಗೆ ಸಿಕ್ಕಿಸುವ ಪಿಯೆಜೋ ಪಿಕಪ್ಪನ್ನು ನೇರವಾಗಿ ಮಿಕ್ಸರಿಗೆ ಕೊಟ್ಟರೆ ನಾದ ತಗಡಾಗುತ್ತದೆ. 1 ಮೆಗಾಓಮ್ ಅಥವಾ ಅದಕ್ಕೂ ಹೆಚ್ಚಿನ ಇನ್‌ಪುಟ್ ಇರುವ ಪ್ರಿಆ್ಯಂಪ್ (ಸಂಕೇತವನ್ನು ಮೊದಲೇ ಬಲಪಡಿಸುವ ಪೆಟ್ಟಿಗೆ) ನಡುವೆ ಇರಲೇಬೇಕು. ಅದರಲ್ಲಿ 35 ಹರ್ಟ್ಸ್ ಸುಮಾರಿಗೆ ಕೆಳಗಿನದನ್ನು ಕತ್ತರಿಸುವ ಫಿಲ್ಟರೂ ಫೇಸ್ ಬದಲಿಸುವ ಗುಂಡಿಯೂ ಇದ್ದರೆ ಊಳಿಡುವ ಫೀಡ್‌ಬ್ಯಾಕ್ ಬಹುಪಾಲು ಹತೋಟಿಗೆ ಬರುತ್ತದೆ.

ಏಳನೆಯ ಹಂತ: ವೇದಿಕೆ

ಗಣೇಶ ಚತುರ್ಥಿಯಿಂದ ಆರಂಭವಾಗಿ ನವೆಂಬರಿನ ರಾಜ್ಯೋತ್ಸವ ಮುಗಿಯುವವರೆಗೆ ಆರ್ಕೆಸ್ಟ್ರಾಗಳಿಗೆ ಸುಗ್ಗಿ. ಇಂದಿರಾನಗರ, ಕೋರಮಂಗಲ, ವೈಟ್‌ಫೀಲ್ಡ್‌ಗಳ ಪಬ್ಬುಗಳಲ್ಲಿ ವರ್ಷವಿಡೀ ತಂಡಗಳು ನುಡಿಸುತ್ತವೆ. ಒಪ್ಪಿಕೊಳ್ಳುವಾಗಲೇ ಸಂಭಾವನೆ, ಮುಂಗಡ, ಊಟ, ವಾಹನ, ಎಷ್ಟು ಹೊತ್ತು ನುಡಿಸಬೇಕು ಎಂಬುದನ್ನು ವಾಟ್ಸ್‌ಆ್ಯಪಿನಲ್ಲಾದರೂ ಬರಹದಲ್ಲಿ ಪಡೆಯಿರಿ. ಸೌಂಡ್ ಚೆಕ್ ನಾಲ್ಕಕ್ಕಿದ್ದು ದಾರಿಯಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಇದ್ದರೆ ಎರಡಕ್ಕೇ ಹೊರಡಿ.

ಬಯಲಿನ ವೇದಿಕೆಯಲ್ಲಿ ಹಾಡಿಗಿಂತ ಮೊದಲು ನೋಡಬೇಕಾದದ್ದು ಅರ್ಥಿಂಗ್. ಒಂದು ಗಣೇಶನ ಪೆಂಡಾಲಿನಲ್ಲಿ ನನ್ನ ಆ್ಯಂಪಿಗೆ ಜನರೇಟರಿನಿಂದ ಕರೆಂಟು, ಮಿಕ್ಸರಿಗೆ ಪಕ್ಕದ ಮನೆಯಿಂದ ಕರೆಂಟು ಕೊಟ್ಟಿದ್ದರು. ತಂತಿಗಳ ಮೇಲೆ ಕೈಯಿಟ್ಟುಕೊಂಡು ಕೋರಸ್ ಹಾಡಲು ಬಗ್ಗಿದವನ ತುಟಿ ಮೈಕಿಗೆ ತಾಗಿದ್ದೇ ತಡ, ಹಲ್ಲಿನವರೆಗೂ ಹೊಡೆದ ಷಾಕಿಗೆ ಎರಡು ಹೆಜ್ಜೆ ಹಿಂದಕ್ಕೆ ಎಗರಿದೆ. ಮುಂದಿನ ಸಾಲಿನ ಮಕ್ಕಳು ಅದನ್ನು ನೃತ್ಯವೆಂದು ಚಪ್ಪಾಳೆ ತಟ್ಟಿದರು. ಅಂದಿನಿಂದ ಚೀಲದಲ್ಲಿ ಒಂದು ಮಲ್ಟಿಮೀಟರ್ ಇರುತ್ತದೆ. ವೇದಿಕೆಯ ವಿದ್ಯುತ್ತೆಲ್ಲ ಒಂದೇ ಬೋರ್ಡಿನಿಂದ ಬರಲಿ, ಅದಕ್ಕೆ 30 ಮಿಲಿಆಂಪಿಯರಿನ ಲೀಕೇಜ್ ಬ್ರೇಕರ್ ಇರಲಿ ಎಂದು ಕೇಳಿ. ನುಡಿಸುವ ಮೊದಲು ತಂತಿಗೂ ಮೈಕಿನ ಜಾಲರಿಗೂ ನಡುವೆ ಎಸಿ ವೋಲ್ಟೇಜ್ ಅಳೆಯಿರಿ, ಅದು ಸೊನ್ನೆಯ ಸಮೀಪ ಇರಬೇಕು. 50 ಹರ್ಟ್ಸಿನ ಗುಂಯ್‌ಕಾರ ಬಂದರೆ ಡಿಐ ಪೆಟ್ಟಿಗೆಯ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಬಹುದು. ಮೂರು ಪಿನ್ನಿನ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಗುಂಯ್‌ಕಾರ ನಿಲ್ಲಿಸುವ ಉಪಾಯವನ್ನು ಯಾರು ಹೇಳಿದರೂ ಒಪ್ಪಬೇಡಿ, ಅದು ಪ್ರಾಣಕ್ಕೆ ಕುತ್ತು.

ಸೌಂಡ್ ಚೆಕ್ಕಿನಲ್ಲಿ ಇ ತಂತಿಯಿಂದ ಮೇಲಕ್ಕೆ ಒಂದೊಂದೇ ಸ್ವರವನ್ನು ಸಮ ಬಲದಲ್ಲಿ ನುಡಿಸಿ. ಯಾವ ಸ್ವರ ಒಮ್ಮೆಲೇ ಉಬ್ಬುತ್ತದೋ ಆ ಜಾಗದಲ್ಲಿ ಸಭಾಂಗಣ ಅನುರಣಿಸುತ್ತಿದೆಯೆಂದು ಅರ್ಥ. ಈಕ್ವಲೈಸರಿನಲ್ಲಿ ಅದನ್ನಷ್ಟೇ ತಗ್ಗಿಸಿ. ಕಲ್ಯಾಣ ಮಂಟಪಗಳಂಥ ಗ್ರಾನೈಟ್ ನೆಲ, ಬರಿ ಗೋಡೆಯ ಜಾಗಗಳಲ್ಲಿ ಸ್ವರ ನೀವು ನಿಲ್ಲಿಸಿದ ಮೇಲೂ ಅಲ್ಲೇ ಸುತ್ತುತ್ತಿರುತ್ತದೆ. ಅಲ್ಲಿ ‘ಧಿ’ಗೆ ನಿಲ್ಲಿಸುವುದನ್ನು ‘ಕ’ಕ್ಕೇ ನಿಲ್ಲಿಸಿ, ಉಳಿದ ಉದ್ದವನ್ನು ಗೋಡೆಗಳು ತುಂಬಿಕೊಡುತ್ತವೆ. ಬ್ರಿಡ್ಜಿನ ಹತ್ತಿರ ತಂತಿಗಳ ಕೆಳಗೆ ಪಾತ್ರೆ ತೊಳೆಯುವ ಸ್ಪಂಜಿನ ತುಂಡೊಂದನ್ನು ತುರುಕಿದರೂ ಇದೇ ಫಲ, ಅದಕ್ಕಾಗಿ ನನ್ನ ಚೀಲದಲ್ಲಿ ಹಳದಿ ಸ್ಪಂಜೊಂದು ಕಾಯಂ ಇರುತ್ತದೆ. ಬಯಲಿನಲ್ಲಿ ಇದಕ್ಕೆ ತದ್ವಿರುದ್ಧ: ಸ್ವರ ಹುಟ್ಟಿದ್ದೇ ಹಾರಿಹೋಗುತ್ತದೆ, ಆದ್ದರಿಂದ ಉದ್ದವಾಗಿ ಹಿಡಿಯಿರಿ. ಡ್ರಮ್ಮರಿನ ಎಡಕ್ಕೆ, ಹೈಹ್ಯಾಟ್ ಕಾಣುವಂತೆ ನಿಂತು, ಕಿಕ್ ಡ್ರಮ್ಮಿನ ಪಾದವನ್ನು ನೋಡುತ್ತಾ ನುಡಿಸಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಲು ನಾಚಬೇಡಿ.

ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳು ಅವಕಾಶ ಕೊಡುವುದಿಲ್ಲ. ಹಬ್ಬದ ಕೆಲವು ದಿನಗಳಿಗೆ ಸರ್ಕಾರ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಒಂಬತ್ತೂವರೆಗೆ ಗಣ್ಯರ ಭಾಷಣ ಮುಗಿಯದಿದ್ದರೆ ಹಾಡಿನ ಪಟ್ಟಿಯಲ್ಲಿ ಯಾವುದನ್ನು ಬಿಡಬೇಕೆಂದು ಮೊದಲೇ ಗುರುತಿಟ್ಟುಕೊಳ್ಳಿ. ಮುಗಿದ ಮೇಲೆ ಆ್ಯಂಪಿನ ವಾಲ್ಯೂಮ್ ಇಳಿಸಿದ ನಂತರವೇ ಕೇಬಲ್ ಕೀಳಿ, ಕಮಾನಿನ ಕೂದಲು ಸಡಿಲಿಸಿ, ತಂತಿಗಳನ್ನು ಒಣಬಟ್ಟೆಯಲ್ಲಿ ಒರೆಸಿ. ಕೇಬಲ್ಲನ್ನು ಮೊಣಕೈಗೆ ಸುತ್ತದೆ ಅದರ ಸಹಜ ಸುರುಳಿಯಲ್ಲೇ ಸುತ್ತಿ. ಬಾಕಿ ಹಣವನ್ನು ಶಾಮಿಯಾನದವರು ಕಂಬ ಬಿಚ್ಚಲು ಶುರುಮಾಡುವ ಮುನ್ನ ಕೇಳಿ ಪಡೆಯಿರಿ, ಆಮೇಲೆ ಸಂಘದ ಖಜಾಂಚಿ ಎಲ್ಲಿಯೂ ಕಾಣಸಿಗುವುದಿಲ್ಲ.